ಬೆಳಿಗ್ಗೆ ಏನು ತಿಂದಿರಿ?

ಮಕ್ಕಳಿಗೆ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಚೆನ್ನಾಗಿ ಕಲಿಸಿದವಳು ನಾನು ಎಂಬ ಹೆಮ್ಮೆ ಒಂದು ಕಾಲದಲ್ಲಿ ನನಗಿತ್ತು. ಈಗ ಮನೆಯಲ್ಲಿ ಯಾರಾದರೂ ಆ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತೇನೆ. ಸೊಸೆ ತನ್ನ ಮಕ್ಕಳಿಗೆ ಬೇಕರಿ ತಿಂಡಿ ಬೇಡ, ಸೊಪ್ಪು ತಿನ್ನಿ ಎಂದು ಗದರುವಾಗ ಮಕ್ಕಳು ನನ್ನ ಮುಖ ನೋಡುತ್ತಾರೆ, ಅಜ್ಜಿ ಏನಾದರೂ ಹೇಳಿಯಾರು ಎಂದು. ನಾನು ಹೇಳುವುದಿಲ್ಲ. ಸೊಸೆಗೆ ನಾನು ಮಾತು ಕಡಿಮೆಯ ಅತ್ತೆ. ಮಾತಾಡಿ ಕೆಟ್ಟವಳು ಎಂದು ಅವಳಿಗೆ ಗೊತ್ತಿಲ್ಲ.

ಟ್ರೈನಿಂಗ್ ಮುಗಿದ ಮೇಲೆ ನನಗೆ ಮೊದಲ ಕೆಲಸ ಸಿಕ್ಕಿದ್ದು ಐವತ್ತರ ದಶಕ ಮುಗಿಯುತ್ತ ಬಂದಾಗ, ನೆರಿಯದ ಕಡೆ ಕಾಡಿನಂಚಿನ ಒಂದು ಶಾಲೆಯಲ್ಲಿ. ನಮ್ಮ ಮನೆ ಇದ್ದದ್ದು ಮೂಡುಬಿದಿರೆಯಲ್ಲಿ. ಅಲ್ಲಿಂದ ವೇಣೂರಿನ ಮೇಲೆ ಬೆಳ್ತಂಗಡಿಗೆ ಒಂದು ಬಸ್ಸು, ಬೆಳ್ತಂಗಡಿಯಿಂದ ಇನ್ನೊಂದು, ಅದು ಇಳಿಸಿದ ಮೇಲೆ ಎರಡು ಹೊಳೆ ದಾಟಿ ನಡಿಗೆ. ಶಾಲೆಯಲ್ಲಿ ಇದ್ದವರು ಇಬ್ಬರೇ: ಬಂಟ್ವಾಳದ ಕಡೆಯಿಂದ ಬಂದು ಅಲ್ಲೇ ಬೇರು ಬಿಟ್ಟಿದ್ದ ಹೆಡ್‌ಮಾಷ್ಟ್ರು ಮತ್ತು ನಾನು. ಅವರು ಮೂರು, ನಾಲ್ಕು, ಐದನೆಯ ಕ್ಲಾಸು ನೋಡಿಕೊಳ್ಳುತ್ತಿದ್ದರು, ಒಂದು ಮತ್ತು ಎರಡು ನನ್ನದು. ನಾನು ಇರುತ್ತಿದ್ದುದೂ ಅವರ ಮನೆಯ ಚಾವಡಿಯ ಪಕ್ಕದ ಕೋಣೆಯಲ್ಲಿ. ನಿವೃತ್ತಿ ಹತ್ತಿರವಾಗಿದ್ದ ಅವರಿಗೆ ಯಾವುದೂ ಅಲುಗಾಡಬಾರದು. ನನಗೆ ಇಪ್ಪತ್ತು ವರ್ಷ, ಎಲ್ಲವೂ ಅಲುಗಾಡಬೇಕು. ಹೊಸದಾಗಿ ಬಂದ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ.

ಟ್ರೈನಿಂಗಿನಲ್ಲಿ ನಮಗೆ ಆರೋಗ್ಯ ಪಾಠ ಕಲಿಸಿದ್ದರು. ಹಾಲು, ಮೊಟ್ಟೆ, ಹಣ್ಣು, ಸೊಪ್ಪು, ಬೇಳೆ. ಬೇಡದವು ಎಂದರೆ ತಂಗಳು, ಚಹಾ, ಬಣ್ಣದ ಮಿಠಾಯಿ. ಶಾಲೆಗೆ ಬಂದ ಮೊದಲ ವಾರವೇ ನಾನು ಬೋರ್ಡನ್ನು ಎರಡು ಪಾಲು ಮಾಡಿ ಒಂದು ಕಡೆ ಒಳ್ಳೆಯದು, ಇನ್ನೊಂದು ಕಡೆ ಕೆಟ್ಟದ್ದು ಬರೆದೆ. ಕೆಟ್ಟದ್ದರ ಸಾಲಿಗೆ ಮಣ್ಣು ಎಂದೂ ಸೇರಿಸಿದೆ, ಯಾಕೆಂದರೆ ನಮ್ಮ ಶಾಲೆಯ ಗೋಡೆಯ ಮಣ್ಣನ್ನು ಮಕ್ಕಳು ಉಗುರಿನಲ್ಲಿ ಕೆರೆದು ಬಾಯಿಗೆ ಹಾಕುತ್ತಿದ್ದರು. ಅದು ಚಪಲ ಎಂದು ನಾನು ತಿಳಿದಿದ್ದೆ. ಹಸಿವಿಗೆ ಅಷ್ಟೊಂದು ರೂಪಗಳು ಉಂಟು ಎಂದು ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಹಾಜರಿ ಕರೆದ ಮೇಲೆ ದಿನಾ ಒಂದೊಂದು ಮಗುವನ್ನು ಎಬ್ಬಿಸಿ, ಬೆಳಿಗ್ಗೆ ಏನು ತಿಂದು ಬಂದೆ ಎಂದು ಕೇಳುವ ಕ್ರಮ ಇಟ್ಟುಕೊಂಡೆ. ಮೊದಲ ದಿನಗಳಲ್ಲಿ ಅವು ಸತ್ಯವನ್ನೇ ಹೇಳಿದವು. ಹಿಂದಿನ ದಿನದ ಅನ್ನಕ್ಕೆ ನೀರು ಹಾಕಿಟ್ಟ ತಂಗಳು, ಅದಕ್ಕೊಂದು ಹಸಿಮೆಣಸು ಅಥವಾ ಸುಟ್ಟ ಒಣಮೀನು. ಬೆಲ್ಲದ ಚಾ. ಸುಟ್ಟ ಹಲಸಿನ ಬೀಜ. ಬ್ಯಾರಿ ಮುಸ್ಲಿಮರ ಮನೆಯ ಇಬ್ಬರು ಹುಡುಗರು ಮಾತ್ರ ಅಕ್ಕಿ ರೊಟ್ಟಿ ಎನ್ನುತ್ತಿದ್ದರು, ಅದೂ ವಾರಕ್ಕೊಮ್ಮೆ. ನಾನು ಬೋರ್ಡಿನ ಕಡೆ ಕೈ ತೋರಿಸಿ ತಂಗಳು ಯಾವ ಸಾಲಿನಲ್ಲಿ ಉಂಟು ನೋಡು ಎನ್ನುತ್ತಿದ್ದೆ. ಮಗು ತಲೆ ತಗ್ಗಿಸುತ್ತಿತ್ತು. ಒಳ್ಳೆಯ ಸಾಲಿನ ಹೆಸರು ಹೇಳಿದವರಿಗೆ ಆ ದಿನ ಗಂಟೆ ಹೊಡೆಯುವ ಅವಕಾಶ ಎಂದು ಒಂದು ಬಹುಮಾನವನ್ನೂ ಮಾಡಿದೆ.

ಒಂದು ತಿಂಗಳಲ್ಲಿ ನನ್ನ ಕ್ಲಾಸಿನ ಮಕ್ಕಳೆಲ್ಲ ಹಾಲು ಕುಡಿದು ಮೊಟ್ಟೆ ತಿಂದು ಬರುವವರಾದರು. ಅದು ಗಿಳಿಪಾಠ ಎಂದು ನನಗೆ ಗೊತ್ತಿತ್ತು, ಗೊತ್ತಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಬಾಯಿಗೆ ಬಂದದ್ದು ಮೆಲ್ಲ ಹೊಟ್ಟೆಗೂ ಇಳಿಯುತ್ತದೆ ಎಂದು ನಂಬಿದ್ದೆ. ಮಕ್ಕಳಿಗೂ ಅದು ಸುಳ್ಳು ಅನ್ನಿಸಿರಲಿಕ್ಕಿಲ್ಲ. ಮನೆಯಲ್ಲಿ, ಗುಡ್ಡದಲ್ಲಿ, ಆಟದಲ್ಲಿ ಅವರದು ತುಳು. ಕನ್ನಡ ಶಾಲೆಯದು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಒಪ್ಪಿಸಬೇಕು, ಮಗ್ಗಿ ಒಪ್ಪಿಸುವಂತೆ. ಅದಕ್ಕೂ ಮನೆಯ ಒಲೆಗೂ ಏನು ಸಂಬಂಧ? ತುಳುವಿನಲ್ಲಿ ಕೇಳಿದ್ದರೆ ಅವರಲ್ಲಿ ಒಬ್ಬರೂ ಮೊಟ್ಟೆ ಎನ್ನುತ್ತಿರಲಿಲ್ಲ.

ಎರಡನೆಯ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಹೊಳೆಯಾಚೆ ಗುಡ್ಡದ ಬುಡದಲ್ಲಿ ಮನೆ. ಕೂದಲು ಕೆಂಚು, ಕೈಕಾಲು ಕಡ್ಡಿ, ಬಾಯಿಯ ಎರಡು ಮೂಲೆಗಳೂ ಯಾವಾಗಲೂ ಒಡೆದು ಹುಣ್ಣಾಗಿರುತ್ತಿದ್ದವು. ನಗುವಾಗ ನೋವಾಗುತ್ತದೆ ಎಂದು ಅವಳು ತುಟಿ ಮುಚ್ಚಿಕೊಂಡೇ ನಗುತ್ತಿದ್ದಳು. ಪಾಠದಲ್ಲಿ ಮಾತ್ರ ಭಾರಿ ಚುರುಕು. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವ ಕೆಲಸ ಇರಲಿಲ್ಲ. ಶಿಕ್ಷಕರಿಗೆ ಇಂಥ ಮಕ್ಕಳ ಮೇಲೆ ಹೆಚ್ಚು ಪ್ರೀತಿ ಇರಬಾರದು ಎನ್ನುತ್ತಾರೆ. ನನಗೆ ಇತ್ತು.

ಆ ವರ್ಷವೇ ನಮ್ಮ ಶಾಲೆಗೆ ಹಾಲಿನ ಪುಡಿ ಬರತೊಡಗಿತು. ಯಾವುದೋ ದೂರದ ದೇಶದಿಂದ ಬಂದದ್ದು. ಬಸ್ಸು ನಿಲ್ಲುವ ಜಾಗದಿಂದ ಆಳುಗಳು ತಲೆ ಮೇಲೆ ಹೊತ್ತು ತರುತ್ತಿದ್ದರು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಪುಡಿ ಕಲಸಬೇಕು. ಗಂಟು ಕಟ್ಟುತ್ತಿತ್ತು, ಒಂದು ಬಗೆಯ ವಾಸನೆ. ಮೊದಲ ವಾರ ಅರ್ಧ ಕ್ಲಾಸಿಗೆ ಹೊಟ್ಟೆ ತೊಳೆಸಿ, ಹಾಲು ಬೇಡ ಎಂದು ತಾಯಂದಿರು ಹೇಳಿ ಕಳಿಸಿದರು. ನಾನು ಮನೆಯಿಂದ ಬೆಲ್ಲ ತಂದು ಹಾಕಿದೆ, ನೀರು ಹೆಚ್ಚು ಮಾಡಿದೆ, ಎಲ್ಲರ ಎದುರು ನಾನೇ ಮೊದಲು ಕುಡಿದೆ. ಆಮೇಲೆ ಅಭ್ಯಾಸವಾಯಿತು. ಹನ್ನೊಂದು ಗಂಟೆಗೆ ಮಕ್ಕಳು ತೆಂಗಿನ ಗೆರಟೆ, ಅಲ್ಯುಮಿನಿಯಂ ಲೋಟ, ಏನು ಇತ್ತೋ ಅದನ್ನು ಹಿಡಿದು ಸಾಲಾಗಿ ಕೂರುತ್ತಿದ್ದರು. ಹೆಚ್ಚಿನವರಿಗೆ ಶಾಲೆಗೆ ಬಂದ ಮೇಲೆ ಸಂಜೆವರೆಗೆ ಹೊಟ್ಟೆಗೆ ಬೀಳುತ್ತಿದ್ದುದು ಅದೊಂದೇ. ಮಧ್ಯಾಹ್ನಕ್ಕೆ ಮನೆಗೆ ಹೋಗಿ ಬರುವಷ್ಟು ಹತ್ತಿರ ಯಾರ ಮನೆಯೂ ಇರಲಿಲ್ಲ.

ಮೂರು ತಿಂಗಳಾಗುವಾಗ ಆ ಹುಡುಗಿಯ ಬಾಯಿಯ ಹುಣ್ಣು ಮಾಯಿತು. ಒಂದು ದಿನ ಅವಳು ಹಲ್ಲು ತೋರಿಸಿ ನಕ್ಕದ್ದು ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಶನಿವಾರ ಮೂಡುಬಿದಿರೆಗೆ ಹೋದವಳು ಅಮ್ಮನಿಗೆ ಅದನ್ನೇ ಮೂರು ಸಲ ಹೇಳಿದೆ.

ಆ ಉಮೇದಿನಲ್ಲಿ ಒಂದು ಸಂಜೆ ಹುಡುಗಿಯ ಮನೆಗೂ ಹೋದೆ. ಅವಳ ತಾಯಿ ಅಂಗಳದಲ್ಲಿ ತಜಂಕಿನ ಸೊಪ್ಪು ಆರಿಸುತ್ತ ಕೂತಿದ್ದಳು. ಮಳೆ ಬಿದ್ದ ಕೂಡಲೇ ಬೇಲಿ ಬದಿಯಲ್ಲಿ ತಾನೇ ಹುಟ್ಟುವ ಸೊಪ್ಪು ಅದು. ಪಕ್ಕದಲ್ಲಿ ಇನ್ನೂ ಎರಡು ಚಿಕ್ಕ ಮಕ್ಕಳು. ಬಂದವರಿಗೆ ಬೆಲ್ಲ ನೀರು ಕೊಡದೆ ಮಾತು ಶುರು ಮಾಡುವ ಕ್ರಮ ನಮ್ಮಲ್ಲಿ ಇಲ್ಲವಲ್ಲ. ಅವಳು ಒಳಗೆ ಹೋಗಿ ಬಹಳ ಹೊತ್ತು ಹುಡುಕಿ, ಬಾಳೆಲೆಯ ತುಂಡಿನಲ್ಲಿ ಒಂದು ಚೂರು ಬೆಲ್ಲ ತಂದಿಟ್ಟಳು. ಚಿಕ್ಕವು ಎರಡೂ ಆ ಬೆಲ್ಲವನ್ನೇ ನೋಡುತ್ತಿದ್ದವು. ನಾನು ಅದನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಸೊಪ್ಪು ತರಕಾರಿಯ ಮಹತ್ವ ವಿವರಿಸತೊಡಗಿದೆ. ಪುಸ್ತಕದ ಸೊಪ್ಪು ಎಂದರೆ ಹರಿವೆ, ಬಸಳೆ. ಅವಳ ಮಡಿಲಲ್ಲಿದ್ದದ್ದು ಸೊಪ್ಪು ಎಂದು ನನಗೆ ಹೊಳೆಯಲೇ ಇಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಗೆ ನನ್ನಷ್ಟು ಒಳ್ಳೆಯ ಉದಾಹರಣೆ ಬೆಳ್ತಂಗಡಿ ತಾಲೂಕಿನಲ್ಲಿ ಬೇರೆ ಇರಲಿಕ್ಕಿಲ್ಲ.

ಅವಳು ಎಲ್ಲವನ್ನೂ ಕೇಳಿದಳು. ಕೊನೆಗೆ ಹೇಳಿದಳು: "ನೀವು ಹೇಳಿದ ಮೇಲೆ ಇವಳು ತಂಗಳು ಮುಟ್ಟುವುದಿಲ್ಲ ಟೀಚರ್. ಅದು ಕೆಟ್ಟದ್ದಂತೆ. ಶಾಲೆಯಲ್ಲಿ ಹಾಲು ಉಂಟಲ್ಲ, ಸಾಕು ಅಂತಾಳೆ. ಇವಳ ಪಾಲಿನದ್ದು ಈಗ ಈ ಚಿಕ್ಕದಕ್ಕೆ ಆಗ್ತದೆ."

ಒಳ್ಳೆಯದೇ ಆಯಿತು ಎಂದು ನಾನು ಹೇಳಿದೆ. ಹೇಳಿ ಎದ್ದು ಬಂದೆ. ಹುಡುಗಿ ಹೊಳೆಯವರೆಗೆ ನನ್ನನ್ನು ಕಳಿಸಿಕೊಡಲು ಬಂದಳು.

ಇನ್ಸ್‌ಪೆಕ್ಟರು ಬಂದದ್ದು ಆ ಮೇಲೆ, ಡಿಸೆಂಬರ್ ಸುಮಾರಿಗೆ. ಕೊಡೆ, ಚರ್ಮದ ಚೀಲ, ನಡೆದು ಸುಸ್ತಾದ ಮುಖ. ಕೆಟ್ಟ ಮನುಷ್ಯ ಅಲ್ಲ. ದಿನಕ್ಕೆ ಎರಡು ಶಾಲೆ ನೋಡಬೇಕಾದ ಮನುಷ್ಯ. ಹೆಡ್‌ಮಾಷ್ಟ್ರ ಕ್ಲಾಸಿನಲ್ಲಿ ಲೆಕ್ಕ ಕೇಳಿ ಬೇಸರಗೊಂಡು ನನ್ನ ಕ್ಲಾಸಿಗೆ ಬಂದರು. ಆರೋಗ್ಯ ಪಾಠ ಮಾಡಿದ್ದೀರಾ ಎಂದು ಕೇಳಿ, ಮಕ್ಕಳ ಕಡೆ ತಿರುಗಿ, ಬೆಳಿಗ್ಗೆ ಏನು ತಿಂದಿರಿ ಎಂದರು. ನನ್ನ ಎದೆ ಉಬ್ಬಿತು. ಆ ಹುಡುಗಿಯೂ ಸೇರಿ ಒಬ್ಬೊಬ್ಬರಾಗಿ ಎದ್ದು ನಿಂತು ಶುದ್ಧ ಕನ್ನಡದಲ್ಲಿ ಹೇಳಿದರು: ಹಾಲು ಕುಡಿದೆ, ಹಣ್ಣು ತಿಂದೆ, ಸೊಪ್ಪಿನ ಪಲ್ಯ ತಿಂದೆ. ತಂಗಳು ತಿನ್ನುತ್ತೀರಾ ಎಂದರೆ, ಇಲ್ಲ ಸಾರ್, ಅದು ಆರೋಗ್ಯಕ್ಕೆ ಹಾನಿಕರ ಎಂದು ಇಡೀ ಕ್ಲಾಸು ಒಂದೇ ಸ್ವರದಲ್ಲಿ ಹೇಳಿತು. ಇನ್ಸ್‌ಪೆಕ್ಟರು ನನ್ನ ಕಡೆ ನೋಡಿದರು. ಇದೆಲ್ಲ ನಿಜವೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ನಾನು ಹೌದು ಎನ್ನುತ್ತಿದ್ದೆನೋ ಏನೋ. ವಿಸಿಟ್ ಪುಸ್ತಕದಲ್ಲಿ ಅವರು ಅರ್ಧ ಪುಟ ಬರೆದರು, ಮಕ್ಕಳ ಮನೆಯ ಆಹಾರ ತೃಪ್ತಿಕರವಾಗಿದೆ ಎಂದು. ಹೊಗಳಿಕೆಯ ಸಾಲುಗಳನ್ನು ನಾನು ಆ ದಿನ ಸಂಜೆ ಮತ್ತೆ ಮತ್ತೆ ಓದಿದೆ.

ಬೇಸಿಗೆ ರಜೆ ಕಳೆದು ಶಾಲೆ ಶುರುವಾದಾಗ ಹಾಲಿನ ಪುಡಿ ಬರಲಿಲ್ಲ. ಮಳೆಗೆ ಹೊಳೆ ತುಂಬಿದೆ, ತಡವಾಗಿರಬೇಕು ಎಂದುಕೊಂಡೆವು. ಆಮೇಲೆ ಇಲಾಖೆಯಿಂದ ಒಂದು ಕಾಗದ ಬಂತು. ಪುಡಿ ಸಾಲದ ಕಾರಣ, ಮನೆಯಲ್ಲಿ ಆಹಾರಕ್ಕೆ ಕೊರತೆ ಇರುವ ಶಾಲೆಗಳಿಗೆ ಮೊದಲು ಕೊಡುವುದೆಂದು ತೀರ್ಮಾನವಾಗಿದೆ. ತಮ್ಮ ಶಾಲೆಗೆ ಸದ್ಯ ಅಗತ್ಯವಿಲ್ಲವೆಂದು ತಪಾಸಣೆಯಿಂದ ತಿಳಿದುಬಂದಿದೆ. ಹೆಡ್‌ಮಾಷ್ಟ್ರು ಕಾಗದವನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಪಾಠ ಚೆನ್ನಾಗಿ ಹತ್ತಿದೆ ಟೀಚರ್" ಎಂದರು. ಕೊಂಕು ಅಲ್ಲ, ಅವರಿಗೂ ಬೇಸರವಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವೆ. ಇಲ್ಲಿ ಬಾಯಿಗೆ ಬಂದದ್ದನ್ನೇ ನಾನು ಕಿತ್ತುಕೊಂಡಿದ್ದೆ.

ಹನ್ನೊಂದು ಗಂಟೆಗೆ ಮಕ್ಕಳು ಅಭ್ಯಾಸಬಲದಿಂದ ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದರು. ನಾನು ಹೋಗಿ, ಇವತ್ತು ಇಲ್ಲ ಎನ್ನುತ್ತಿದ್ದೆ. ಒಂದು ವಾರದ ಮೇಲೆ ಕೂರುವುದನ್ನು ಬಿಟ್ಟರು. ಆಟಿ ತಿಂಗಳು ಬಂತು, ಕೂಲಿ ಇಲ್ಲದ, ಅಕ್ಕಿ ಮುಗಿಯುವ ತಿಂಗಳು. ಹುಡುಗಿಯ ಬಾಯಿಯ ಮೂಲೆಗಳು ಮತ್ತೆ ಒಡೆದವು. ತಂಗಳು ತಿನ್ನು ಮಗಾ, ಏನೂ ಆಗುವುದಿಲ್ಲ, ನಾನು ಆಗ ತಪ್ಪು ಹೇಳಿದ್ದು ಎಂದು ಅವಳನ್ನು ಕರೆದು ಹೇಳಿದೆ. ಅವಳು ನನ್ನ ಮುಖವನ್ನೂ ಬೋರ್ಡನ್ನೂ ನೋಡಿದಳು. ತಿನ್ನಲು ಮನೆಯಲ್ಲಿ ತಂಗಳು ಉಳಿಯಬೇಕಲ್ಲ. ಅದು ಚಿಕ್ಕವರ ಪಾಲಾಗಿ ವರ್ಷವಾಗಿತ್ತು. ಅಕ್ಕಿಯೇ ಇಲ್ಲದ ದಿನ ಚಿಕ್ಕವರಿಗೂ ಇರಲಿಲ್ಲ.

ಮೇಲಿನವರಿಗೆ ಬರೆಯುವ ಎಂದು ನಾನು ಹೇಳಿದಾಗ ಹೆಡ್‌ಮಾಷ್ಟ್ರು ವಿಸಿಟ್ ಪುಸ್ತಕ ತೆಗೆದು ಹಳೆಯ ಪುಟವನ್ನು ಓದಿದರು. ಆಮೇಲೆ ಹೇಳಿದರು: "ಮಕ್ಕಳಿಗೆ ಸುಳ್ಳು ಹೇಳಲು ನಾವೇ ಕಲಿಸಿದ್ದು ಅಂತ ಬರೆಯಬೇಕಾಗ್ತದೆ. ನಾನು ಸಹಿ ಹಾಕುವುದಿಲ್ಲ. ನೀವು ಬರೆಯುವುದಾದರೆ ನಾನು ತಡೆಯುವುದೂ ಇಲ್ಲ." ನಾನೊಬ್ಬಳೇ ಬರೆದೆ. ಮಕ್ಕಳು ಹೇಳಿದ್ದು ತಿಂದದ್ದನ್ನಲ್ಲ, ಕಲಿತದ್ದನ್ನು, ತಪ್ಪು ನನ್ನದು, ದಯವಿಟ್ಟು ಹಾಲು ಕೊಡಿ ಎಂದು. ಬರೆದು ಅಂಚೆಗೆ ಹಾಕಿದ ಮೇಲೆ ಮನಸ್ಸು ಸ್ವಲ್ಪ ಹಗುರವಾಯಿತು. ಉತ್ತರ ಬರಲಿಲ್ಲ. ಚಳಿಗಾಲಕ್ಕೆ ಅದೇ ಇನ್ಸ್‌ಪೆಕ್ಟರು ಮತ್ತೆ ಬರುತ್ತಾರೆ ಎಂಬ ಸುದ್ದಿ ಬಂತು.

ಈ ಸಲ ನಾನು ಒಂದು ವಾರ ಮೊದಲೇ ಮಕ್ಕಳನ್ನು ಕೂರಿಸಿಕೊಂಡು ಹೇಳಿದೆ. ಅವರು ಕೇಳಿದರೆ ಮನೆಯಲ್ಲಿ ತಿಂದದ್ದನ್ನೇ ಹೇಳಿ, ತುಳುವಿನಲ್ಲಿ ಹೇಳಿದರೂ ಅಡ್ಡಿಯಿಲ್ಲ, ಏನೂ ತಿನ್ನದಿದ್ದರೆ ಏನೂ ಇಲ್ಲ ಎನ್ನಿ. ಮಕ್ಕಳು ಕೋಲೆಬಸವನ ಹಾಗೆ ತಲೆ ಆಡಿಸಿದರು. ಹುಡುಗಿ ಆಗ ಮೂರನೆಯ ಕ್ಲಾಸು, ಹೆಡ್‌ಮಾಷ್ಟ್ರ ಕಡೆ ಕೂರುತ್ತಿದ್ದಳು. ಅವಳಿಗೆ ಬೇರೆಯಾಗಿ ಹೇಳಿದೆ. ಅವಳೂ ತಲೆ ಆಡಿಸಿದಳು.

ಇನ್ಸ್‌ಪೆಕ್ಟರು ಬಂದವರು ಎಲ್ಲ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಲು ಹೇಳಿದರು. ಊರಿನ ನಾಲ್ಕು ಜನ ತಂದೆ ತಾಯಂದಿರು ಜಗಲಿಯಲ್ಲಿ ನಿಂತಿದ್ದರು. ಆ ಹುಡುಗಿಯ ತಾಯಿಯೂ ಸೊಂಟದಲ್ಲಿ ಮಗು ಎತ್ತಿಕೊಂಡು ನಿಂತಿದ್ದಳು. ಚೀಲದಿಂದ ನನ್ನ ಕಾಗದ ತೆಗೆದು ಅವರು ಮೇಜಿನ ಮೇಲೆ ಇಟ್ಟರು. ನಿಮ್ಮ ಟೀಚರು ಹೀಗೆ ಬರೆದಿದ್ದಾರೆ, ನಿಮ್ಮ ಮನೆಗಳಲ್ಲಿ ಊಟಕ್ಕಿಲ್ಲವಂತೆ, ಕಳೆದ ಸಲ ನೀವು ಹೇಳಿದ್ದು ಸುಳ್ಳಂತೆ, ಹೌದಾ ಎಂದು ಕೇಳಿದರು. ನನ್ನ ಕಾಗದವನ್ನು ಹೀಗೆ ಊರವರ ಎದುರು ಓದಬಹುದು ಎಂದು ನಾನು ಎಣಿಸಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮತ್ತೆ ಅವರು ಹುಡುಗಿಯನ್ನೇ ಎಬ್ಬಿಸಿದರು. ಕಳೆದ ಸಲ ಚೆನ್ನಾಗಿ ಹೇಳಿದವಳೆಂದು ನೆನಪಿರಬೇಕು. ಬೆಳಿಗ್ಗೆ ಏನು ತಿಂದೆ ಎಂದರು. ಅವಳು ಕೈ ಕಟ್ಟಿ ನಿಂತು, ಒಂದೊಂದೇ ಶಬ್ದವನ್ನು ಬಿಡಿಸಿ ಹೇಳಿದಳು: "ಹಾಲು ಕುಡಿದೆ. ಮೊಟ್ಟೆ ತಿಂದೆ. ಹಣ್ಣು ತಿಂದೆ. ಸೊಪ್ಪಿನ ಪಲ್ಯ ತಿಂದೆ. ಬೇಳೆ ತಿಂದೆ." ಬಾಯಿ ಅಗಲಿಸಿ ಹೇಳಿದ್ದಕ್ಕೆ ಮೂಲೆ ಒಡೆದು ಸ್ವಲ್ಪ ರಕ್ತ ಬಂತು. ಅವಳು ಅದನ್ನು ಹೆಗಲಿಗೆ ಒರಸಿಕೊಂಡಳು.

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ನನ್ನನ್ನೂ ಅವಳನ್ನೂ ನೋಡಿದರು. "ಹಾಗಾದರೆ ಸುಳ್ಳು ಯಾರದ್ದು? ಈ ಮಗುವಿನದ್ದೋ, ಟೀಚರದ್ದೋ?"

ಸುಳ್ಳು ಹೇಳಿದವರಿಗೆ ಅಂಗೈಗೆ ನಾಗರಬೆತ್ತ ಎಂಬುದು ನಮ್ಮ ಶಾಲೆಯ ನಿಯಮ, ಬೆತ್ತ ಅಲ್ಲೇ ಮೇಜಿನ ಮೇಲಿತ್ತು. ಹುಡುಗಿ ನನ್ನನ್ನು ನೋಡುತ್ತಿದ್ದಳು. ಅವಳ ತಾಯಿ ನೆಲ ನೋಡುತ್ತಿದ್ದಳು. ನಾನು ಆಗ ಸತ್ಯ ಹೇಳಬಹುದಿತ್ತು. ಆ ಬಾಯಿಯ ರಕ್ತ ನೋಡಿ ಸಾರ್ ಎನ್ನಬಹುದಿತ್ತು. ಮಗುವನ್ನು ಸುಳ್ಳಿ ಎಂದು ಮಾಡಿ, ಆ ತಾಯಿಯ ಮಾನವನ್ನು ಊರ ಎದುರು ಹರಾಜು ಹಾಕಿ ಹಾಲು ತರಿಸಿಕೊಳ್ಳಲು ನನಗೆ ಆಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಲ್ಲಿ ಅರ್ಧ ನಿಜ. ಇನ್ನರ್ಧ ಹೆದರಿಕೆ. ನನ್ನದೇ ತಪ್ಪು ಸಾರ್, ವಿಚಾರಿಸದೆ ಬರೆದೆ ಎಂದುಬಿಟ್ಟೆ. ಅವರು ದೊಡ್ಡ ಮನಸ್ಸು ಮಾಡಿ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಇನ್ನು ಮುಂದೆ ಜಾಗ್ರತೆ ಎಂದರು.

ಅವರು ಹೋದ ಮೇಲೆ ಹುಡುಗಿಯನ್ನು ಬಾವಿಕಟ್ಟೆಯ ಹತ್ತಿರ ಕರೆದೆ. ನನಗೆ ಸಿಟ್ಟು ಬಂದಿತ್ತು, ಅವಳ ಮೇಲೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಬಂದಿತ್ತು. ತುಳುವಿನಲ್ಲಿ ಕೇಳಿದೆ, ಬೆಳಿಗ್ಗೆ ಏನು ತಿಂದೆ ಎಂದು. ಅವಳು ಬೇಲಿ ದಾಟುವ ದಣಪೆಯ ಕಡೆ ನೋಡಿ, ಇನ್ಸ್‌ಪೆಕ್ಟರ ಕೊಡೆ ಗುಡ್ಡದ ಆಚೆ ಮರೆಯಾದದ್ದನ್ನು ಕಂಡುಕೊಂಡು, "ದಾಲ ಇಜ್ಜಿ" ಎಂದಳು. ಏನೂ ಇಲ್ಲ.

ಮತ್ತೆ ಯಾಕೆ ಹಾಗೆ ಹೇಳಿದೆ, ನಾನು ನಿಜ ಹೇಳು ಎಂದಿರಲಿಲ್ಲವಾ ಎಂದೆ. ನನ್ನ ಸ್ವರ ಏರಿತ್ತು. ಅವಳು ಹೆದರಲಿಲ್ಲ. ನನಗೆ ಅರ್ಥವಾಗದ ಏನನ್ನೋ ತಾನು ಅರ್ಥ ಮಾಡಿಕೊಂಡಿದ್ದೇನೆ ಎನ್ನುವ ಧೈರ್ಯ ಅವಳ ಮುಖದಲ್ಲಿತ್ತು.

"ಕಳೆದ ಸಲ ನಾನು ಮೊಟ್ಟೆ, ಬೇಳೆ ಎರಡನ್ನೂ ಮರೆತಿದ್ದೆ ಟೀಚರ್," ಎಂದಳು. "ಅದಕ್ಕೇ ಹಾಲು ನಿಂತದ್ದು. ನಾನು ಯಾರಿಗೂ ಹೇಳಿರಲಿಲ್ಲ. ಈ ಸಲ ಎಲ್ಲ ಹೇಳಿದೆ. ಇನ್ನು ಬರ್ತದಲ್ಲ?"

ಅರ್ಧ ವರ್ಷ ಆ ಮಗು ಅದನ್ನು ಒಬ್ಬಳೇ ಹೊತ್ತಿತ್ತು. ಜಗಲಿಯಲ್ಲಿ ಸಾಲಾಗಿ ಕೂತು ಎದ್ದು ಹೋದ ಅಷ್ಟೂ ಮಕ್ಕಳ ಹಸಿವು ತನ್ನಿಂದ ಎಂದು ತಿಳಿದಿತ್ತು. ನಾನು ಏನಾದರೂ ಹೇಳಬೇಕಿತ್ತು. ಬಾಯಿ ತೊಳೆದುಕೊಂಡು ಕ್ಲಾಸಿಗೆ ಹೋಗು ಎಂದಷ್ಟೇ ಹೇಳಿದೆ. ಅವಳು ಕೊಡಪಾನದಿಂದ ನೀರು ಬಗ್ಗಿಸಿಕೊಂಡು ಮುಖ ತೊಳೆದಳು, ಹೊಟ್ಟೆ ತುಂಬ ನೀರನ್ನೂ ಕುಡಿದಳು.